ಹೆಸರು ಮರೆತ ನಾದ

ಕಿರುತೆರೆಯ ಹಿನ್ನೆಲೆ ಸಂಗೀತಕ್ಕೊಂದು ವಿಚಿತ್ರ ಹಣೆಬರಹವಿದೆ. ನಾದ ಎಲ್ಲರ ಕಿವಿಯಲ್ಲಿ ನೆಲೆಸುತ್ತದೆ. ಅದನ್ನು ಕಟ್ಟಿದವರ ಹೆಸರು ಯಾರ ನಾಲಿಗೆಯಲ್ಲೂ ನಿಲ್ಲುವುದಿಲ್ಲ. ದೂರದರ್ಶನದ ‘ಮಾಲ್ಗುಡಿ ಡೇಸ್’ ಎಂದೊಡನೆ ನಮಗೆ ಆರ್. ಕೆ. ನಾರಾಯಣರ ಕಥೆ, ಲಕ್ಷ್ಮಣರ ರೇಖೆ, ಶಂಕರ್ ನಾಗ್ ನಿರ್ದೇಶನ, ಆಗುಂಬೆಯ ಬೀದಿ ನೆನಪಾಗುತ್ತವೆ. ಸಂಗೀತ ನೀಡಿದ ಎಲ್. ವೈದ್ಯನಾಥನ್ ಅವರನ್ನು ನೆನೆಯುವವರು ಕಡಿಮೆ.

ಅದರ ಶೀರ್ಷಿಕೆ ರಾಗಕ್ಕೆ ಸಾಹಿತ್ಯವಿಲ್ಲ, ಬರಿಯ ‘ತಾನನ’ವಿದೆ. ಪಾತ್ರಗಳು ಹಿಂದಿಯಲ್ಲಿ ಮಾತನಾಡಿದರೂ ಊರು ನಮ್ಮದೇ ಎನಿಸುವುದರಲ್ಲಿ ಮಲೆನಾಡಿನ ನೋಟದಷ್ಟೇ ಪಾಲು ಈ ಸ್ವರಗಳಿಗೂ ಇದೆ. 1987ರ ‘ಪುಷ್ಪಕ ವಿಮಾನ’ಕ್ಕೂ ಸಂಗೀತ ಅವರದೇ. ಮಾತೇ ಇಲ್ಲದ ಆ ಚಿತ್ರದಲ್ಲಿ ಎಷ್ಟೋ ಭಾವಗಳನ್ನು ವಾದ್ಯಗಳೇ ನುಡಿಯಬೇಕಿತ್ತು.

ಕಿರುತೆರೆಯ ಸಂಗೀತಕ್ಕೆ ಮನ್ನಣೆ ದೊರೆತದ್ದೇ ಇಲ್ಲವೆಂದಲ್ಲ. ‘ತಮಸ್’ಗಾಗಿ ವನರಾಜ್ ಭಾಟಿಯಾ ರಾಷ್ಟ್ರಪ್ರಶಸ್ತಿ ಪಡೆದರು. ಆದರೆ ಅಂಥ ಭಾಗ್ಯ ಅಪರೂಪ.

ಶಂಶಾಬಾದಿನಲ್ಲಿ ನೆಲೆಸಿದ ನಮ್ಮಂಥ ಕನ್ನಡಿಗರಿಗೆ ಇದು ಸಣ್ಣ ಸಂಗತಿಯಲ್ಲ. ವಿಮಾನಗಳ ಸದ್ದಿನ ಕೆಳಗೆ ಬೆಳೆಯುತ್ತಿರುವ ನಮ್ಮ ಮಕ್ಕಳು ಕನ್ನಡ ಓದುವಾಗ ತಡವರಿಸುತ್ತಾರೆ. ಆ ‘ತಾನನ’ವನ್ನು ಮಾತ್ರ ಸಲೀಸಾಗಿ ಗುನುಗುತ್ತಾರೆ. ಲಿಪಿ ತಲುಪದೆಡೆಗೆ ರಾಗ ತಲುಪಿದೆ. ಅದು ಭಾಷೆಗೆ ಬದಲಿಯಾಗಲಾರದು, ನಿಜ; ಆದರೆ ಭಾಷೆಯ ಮನೆಗೆ ಬಾಗಿಲಾಗಬಲ್ಲದು.

ಮಕ್ಕಳೊಡನೆ ಮತ್ತೆ ಸ್ವಾಮಿಯ ಕಥೆ ನೋಡುವಾಗ ಸಂಭಾಷಣೆಯ ನಡುವಿನ ವಾದ್ಯಗಳಿಗೂ ಕಿವಿಗೊಡೋಣ. ಕಥೆಗಾರರ ಹೆಸರಿನ ಜೊತೆಗೆ ವೈದ್ಯನಾಥನ್ ಅವರ ಹೆಸರನ್ನೂ ಹೇಳಿಕೊಡೋಣ.