ನಾಲ್ಕು ಹನಿ ಕಹಿ

ಕುಡಿತದ ವಿಷಯ ಬರೆಯುವ ಅಧಿಕಾರ ನನಗಿಲ್ಲ. ಹಳಗನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ನಾನು. ಹಾಸ್ಟೆಲಿಗೆ ಹೊರಟ ದಿನ, ಕುಡಿಯುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟವನು. ಆದರೂ 'ಪಿಂಕ್ ಜಿನ್' ನನ್ನನ್ನು ಕಾಡುತ್ತಿದೆ. ನೌಕಾದಳದಿಂದ ನಿವೃತ್ತರಾದ ನನ್ನ ಭಾವನವರು ಹಚ್ಚಿದ ಹುಚ್ಚು ಇದು.

ಹೋದ ಬೇಸಗೆಯಲ್ಲಿ ಬಂದಾಗ ಅವರು ಅದನ್ನು ಮಾಡುವುದನ್ನು ಕಂಡೆ. ಗಾಜಿನ ಲೋಟಕ್ಕೆ ಅಂಗೊಸ್ಟೂರ ಬಿಟರ್ಸಿನ ನಾಲ್ಕು ಹನಿ. ಲೋಟವನ್ನು ಓರೆಮಾಡಿ ಒಳಗೆಲ್ಲ ಹತ್ತುವಂತೆ ತಿರುಗಿಸಿ, ಮಿಕ್ಕಿದ್ದನ್ನು ಚೆಲ್ಲಿ, ಮೇಲೆ ಜಿನ್. ನೀರಿನಂತಿದ್ದದ್ದು ಗುಲಾಬಿಯಾಯಿತು. ನನ್ನಾಕೆ ದೋಸೆಕಲ್ಲಿಗೆ ಎಣ್ಣೆ ಸವರುವಾಗಿನ ಶ್ರದ್ಧೆಯೇ! ಚೆಲ್ಲದೆ ಹಾಗೆಯೇ ಉಳಿಸಿಕೊಳ್ಳುವವರೂ ಉಂಟಂತೆ. ಪಂಥಭೇದ ಎಲ್ಲಿಲ್ಲ ಹೇಳಿ!

ಈ ಕಹಿ ಹುಟ್ಟಿದ್ದು ಪಾನಗೃಹದಲ್ಲಲ್ಲ. ಸಿಮೊನ್ ಬೊಲಿವಾರನ ಸೈನ್ಯದಲ್ಲಿ ವೈದ್ಯನಾಗಿದ್ದ ಸೀಗರ್ಟ್ ಎಂಬ ಜರ್ಮನ್, ವೆನೆಜುವೆಲಾದ ಅಂಗೊಸ್ಟೂರ ಪಟ್ಟಣದಲ್ಲಿ, ಹೊಟ್ಟೆ ಕೆಟ್ಟ ಸಿಪಾಯಿಗಳಿಗಾಗಿ 1824ರಲ್ಲಿ ಸಿದ್ಧಪಡಿಸಿದ ಮದ್ದು ಅದು. 1846ರಲ್ಲಿ ಊರಿಗೆ ಬೊಲಿವಾರನ ಹೆಸರಿಟ್ಟರು. ಹಳೆಯ ಹೆಸರು ಸೀಸೆಯ ಮೇಲೆ ಉಳಿಯಿತು. ಮುಂದೆ ಸೀಗರ್ಟನ ಮಕ್ಕಳು ಅದರ ತಯಾರಿಕೆಯನ್ನು ಟ್ರಿನಿಡಾಡಿಗೆ ಒಯ್ದರು.

ಕಡಲಿನಲ್ಲಿ ಹೊಟ್ಟೆ ತೊಳಸುವುದಕ್ಕೂ ಅದು ಮದ್ದೆಂದು ಹೆಸರಾಯಿತು. ಬ್ರಿಟಿಷ್ ನೌಕಾದಳದಲ್ಲಿ ನಾವಿಕರಿಗೆ ಸರಕಾರವೇ ದಿನವೂ ರಮ್ ಅಳೆದು ಕೊಡುತ್ತಿತ್ತು. 1970ರ ಜುಲೈ 31ರವರೆಗೂ ಕೊಟ್ಟಿತು. ಅಧಿಕಾರಿಗಳಿಗೆ ಜಿನ್ ಪ್ರಿಯ, ಅದರಲ್ಲೂ ಪ್ಲಿಮತ್ ರೇವಿನದು. ಅವರು ಕಹಿ ಮದ್ದನ್ನು ಜಿನ್ನಿನಲ್ಲಿ ಬೆರೆಸಿ ನುಂಗಿದರು. ಕಷಾಯ ಕುಡಿಸಲು ನಮ್ಮಜ್ಜಿ ಬೆಲ್ಲ ತೋರಿಸುತ್ತಿದ್ದಳಲ್ಲ, ಅದೇ ಉಪಾಯ. ಬರಬರುತ್ತ ಮದ್ದು ಲೋಟದ ಗೋಡೆಗೆ ಅಂಟಿಕೊಂಡಿತು, ಬೆಲ್ಲವೇ ಲೋಟ ತುಂಬಿತು.

ಹೊರಡುವಾಗ ಭಾವನವರು ಬಿಟರ್ಸಿನ ಸೀಸೆಯನ್ನು ನನಗೇ ಬಿಟ್ಟರು. "ಇದು ಜಿನ್ನಲ್ಲಪ್ಪ, ಮದ್ದು. ಸೋಡಾದಲ್ಲಿ ನಾಲ್ಕು ಹನಿ ಹಾಕಿಕೊ, ಹೊಟ್ಟೆ ಹಗುರಾಗುತ್ತೆ." ಊಟವಾದ ಮೇಲೆ ಕುಡಿದೆ; ಹಗುರಾಯಿತು. ನೋಡುತ್ತಿದ್ದ ಅಮ್ಮ ತನಗೂ ಬೇಕೆಂದಳು. ಒಂದು ಗುಟುಕು ಕುಡಿದು, "ನೆಲಬೇವಿನ ಹಾಗೇ ಇದೆಯಲ್ಲೋ" ಎಂದು ಮೆಚ್ಚಿದಳು. ಒಂದು ತಿಂಗಳು ತಾಯಿಮಗ ಇಬ್ಬರೂ ತಪ್ಪದೆ ಸೇವಿಸಿದೆವು.

ಮೊನ್ನೆ ಹೊಸ ಕನ್ನಡಕ ಬಂತು. ಆ ಸೀಸೆಗೆ ಅಂಟಿಸಿದ ಕಾಗದ ಸೀಸೆಗಿಂತ ದೊಡ್ಡದು, ಅಕ್ಷರ ಮಾತ್ರ ಇರುವೆಯಷ್ಟು. ಓದಿದೆ: ಮದ್ಯಸಾರ ನೂರಕ್ಕೆ 44.7. ಭಾವನವರು ಖಾಲಿಮಾಡಿಟ್ಟಿದ್ದ ಜಿನ್ನಿನ ಸೀಸೆ ಹುಡುಕಿ ನೋಡಿದೆ: 42.8! ನಾಲ್ಕೇ ಹನಿ ಎಂದು ಲೆಕ್ಕ ಹೇಳಿ ಸಮಾಧಾನ ಮಾಡಿಕೊಳ್ಳಬಹುದಿತ್ತು; ಆದರೆ ಮಾತು ಕೊಡುವಾಗ ನಾನು ಹನಿ ಎಣಿಸಿರಲಿಲ್ಲ.

ಸೀಸೆಯನ್ನು ಪುಸ್ತಕದ ಕಪಾಟಿನಲ್ಲಿ, ನಿಘಂಟಿನ ಹಿಂದೆ ಇಟ್ಟೆ. ಆ ರಾತ್ರಿ ಊಟ ಮುಗಿಯಿತು. ನಡುಮನೆಯಿಂದ ಅಮ್ಮನ ದನಿ ಬಂತು:

"ಮದ್ದು ಎಲ್ಲಿಟ್ಟೆಯೋ, ಮಗಾ?"