ದೊಡ್ಡಪ್ಪನವರ ಹಿಮಗೊಡಲಿ

ಹಳೆಯ ಆಯುಧವನ್ನು ತಿದ್ದಿ ಬಳಸುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಬಳ್ಳಾರಿಯ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನರು ಕರಿಕಲ್ಲನ್ನು ಒಡೆದು, ಕುಟ್ಟಿ, ಬಂಡೆಗೆ ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು; ಉಜ್ಜಿದ ಗುಳಿಗಳು ಇಂದಿಗೂ ಬಂಡೆಗಳ ಮೇಲಿವೆ. ಬಾಯಿ ಸವೆದ ಕೊಡಲಿಯನ್ನು ಮತ್ತೆ ಮಸೆದುಕೊಳ್ಳುವುದೂ ಅವರಿಗೆ ತಿಳಿದಿತ್ತು. ಸಿರುಗುಪ್ಪದ ಎರೆಹೊಲದ ರೈತನಿಗೂ ಸವೆದ ಕುಳವನ್ನು ಕುಲುಮೆಗೆ ಒಯ್ಯುವುದು ಅಪರಿಚಿತವಲ್ಲ. ಆದರೆ ತಿದ್ದಬಾರದ ಆಯುಧವೂ ಉಂಟೆಂಬುದು ನನಗೆ ಈಚೆಗೆ ಮನದಟ್ಟಾಯಿತು.

ನಮ್ಮ ದೊಡ್ಡಪ್ಪನವರು, ಡಾರ್ಜಿಲಿಂಗಿನಲ್ಲಿ 1954ರಲ್ಲಿ ಸ್ಥಾಪಿತವಾದ ಪರ್ವತಾರೋಹಣ ಸಂಸ್ಥೆಯಲ್ಲಿ ಶಿಕ್ಷಣ ಪಡೆದು ಬರುವಾಗ ಒಂದು ಹಿಮಗೊಡಲಿಯನ್ನು ತಂದಿದ್ದರು. ಉದ್ದವಾದ ಮರದ ಕಾವು. ತಲೆಯ ಒಂದು ಕಡೆಗೆ ನೇರವಾದ ಕೊಕ್ಕು, ಇನ್ನೊಂದು ಕಡೆಗೆ ಬಾಚಿಯಂಥ ಅಲಗು. ಬುಡಕ್ಕೆ ಕಬ್ಬಿಣದ ಮೊನೆ. ಮಂಜಿನ ಇಳಿಜಾರಿನಲ್ಲಿ ಮೆಟ್ಟಿಲು ಕಡಿದುಕೊಂಡು ಹತ್ತುತ್ತಿದ್ದ ಕಾಲದ ಸಾಧನವದು. ಹಿಮಾಲಯಕ್ಕೆ ಹೊರಟ ನಮ್ಮಣ್ಣನ ಮಗನು ಅದರ ಕಾವನ್ನು ಮೊಟಕು ಮಾಡಿ, ಕೊಕ್ಕನ್ನು ಬಾಗಿಸಿ ಕೊಡಬೇಕೆಂದು ಹಟ ಹಿಡಿದನು. "ಚಿಕ್ಕಪ್ಪಾ, ದೊಡ್ಡಜ್ಜ ಹಿಡಿದ ಕೊಡಲಿಯನ್ನೇ ನಾನೂ ಹಿಡಿದು ಹತ್ತಬೇಕು" ಎಂದನು.

ಅವನ ಬೇಡಿಕೆ ನಿರಾಧಾರವಾದುದಲ್ಲ. 1966ರಲ್ಲಿ ಅಮೆರಿಕದ ಇವಾನ್ ಶುನಾರ್ಡ್ ಎಂಬಾತನು ಫ್ರಾನ್ಸಿನ ಶಾಮೊನಿಯಲ್ಲಿ ಶಾರ್ಲೆ ಕಾರ್ಖಾನೆಯವರಿಂದ 55 ಸೆಂಟಿಮೀಟರ್ ಉದ್ದದ, ಬಾಗಿದ ಕೊಕ್ಕಿನ ಕೊಡಲಿಯನ್ನು ಮಾಡಿಸಿದನು. ಬೀಸಿದ ತೋಳು ಕಮಾನಿನಂತೆ ತಿರುಗುವುದರಿಂದ ಅದೇ ಬಾಗುಳ್ಳ ಕೊಕ್ಕು ಗಟ್ಟಿಮಂಜಿನಲ್ಲಿ ಭದ್ರವಾಗಿ ನಾಟುತ್ತದೆ. ಹಳೆಯ ಕೊಡಲಿಗಳನ್ನು ಮನೆಯಲ್ಲಿಯೇ ಹಾಗೆ ತಿದ್ದಿಕೊಂಡವರೂ ಉಂಟು.

ಸಿರುಗುಪ್ಪದ ಕಮ್ಮಾರನು ಕೊಕ್ಕನ್ನು ಬೆರಳಿನಿಂದ ಮಿಡಿದು ನೋಡಿ, "ಇದರ ಹದ ಒಮ್ಮೆ ಹೋದ್ರೆ ನನ್ನ ಕೈಲಿ ಬರಂಗಿಲ್ರೀ. ಕುಳ ಮುರಿದ್ರೆ ಒಂದು ದಿನದ ಉಳುಮೆ ಕೆಡ್ತೈತಿ, ಇದು ಮುರಿದ್ರೆ?" ಎಂದು ಹಿಂದಿರುಗಿಸಿದನು. ಉಕ್ಕನ್ನು ಕೆಂಪಗೆ ಕಾಯಿಸಿದರೆ ಮೊದಲಿನ ಹದ ಅಳಿಯುವುದು. ತಟ್ಟನೆ ನೀರಿಗದ್ದಿದರೆ ಅತಿ ಗಡುಸಾಗಿ ಸಿಡಿಯಬಹುದು. ತಾನಾಗಿ ಆರಲು ಬಿಟ್ಟರೆ ಮೆತ್ತಗಾಗಿ ಬಾಗಬಹುದು. ಇವೆರಡರ ನಡುವಣ ಹದಕ್ಕೆ ಆ ಉಕ್ಕಿನ ಜಾತಿ ಗೊತ್ತಿರಬೇಕು. ಇನ್ನು ಕುರುಗೋಡಿನ ಬಡಗಿಯು, ನಮ್ಮೂರಿನ ಬಿಸಿಲಿಗೆ ಒಣಗಿದ ಕಾವಿನಲ್ಲಿ ಉದ್ದಕ್ಕೂ ಬಿಟ್ಟಿದ್ದ ಸಣ್ಣ ಸೀಳೊಂದನ್ನು ತೋರಿಸಿದನು. ಜಾಲಿಯ ಕಾವನ್ನು ಕೂರಿಸಬಲ್ಲೆನಾದರೂ ಅದಕ್ಕೆ ಒಂದು ಜೀವವನ್ನು ನೇತುಹಾಕಲು ತಾನು ಒಪ್ಪೆನೆಂದನು.

ಹುಡುಗನ ಮುಖ ಬಾಡಿತು. ಆತನ ಅಭಿಮಾನವನ್ನು ನಾನು ಅಲ್ಲಗಳೆಯಲಾರೆ. ಆದರೆ ದೊಡ್ಡಪ್ಪನವರು ಆ ಕೊಡಲಿಯನ್ನು ನಂಬಿದ್ದು ಅದು ಗಟ್ಟಿಯಾಗಿದ್ದುದರಿಂದ, ಹಿರಿಯರದೆಂಬ ಕಾರಣದಿಂದಲ್ಲ. ಹೊಸ ಕೊಡಲಿಯ ಹಣವನ್ನು ಮನೆಯವರೆಲ್ಲ ಸೇರಿ ಕೊಟ್ಟೆವು. ಹಳೆಯದರ ತಲೆಗೆ ಬೆಂಕಿ ತಾಗಿಸದೆ, ಕಾವಿಗೆ ಅಗಸೆ ಎಣ್ಣೆ ಸವರಿ ಇರಿಸಿದ್ದೇವೆ. ಸಂಗನಕಲ್ಲಿನವರು ತಮ್ಮ ಕಲ್ಲಿನ ಗುಣವನ್ನು ಬಲ್ಲವರಾಗಿ ಅದನ್ನು ತಿದ್ದಿದರು. ನಮ್ಮ ಕಮ್ಮಾರ ಬಡಗಿಗಳು ತಮಗೆ ತಿಳಿಯದ ಉಕ್ಕನ್ನು ಮುಟ್ಟದೆ ಬಿಟ್ಟರು. ಎರಡೂ ಕಸುಬಿನ ವಿವೇಕವೇ ಎಂದು ನನ್ನ ಎಣಿಕೆ.