ಹೀರು, ಅದುಮು, ಸಿಡಿ, ಉಗುಳು

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಊಟ, ಸ್ನಾನ, ನಿದ್ದೆ, ಗದರಿಕೆ ಎಲ್ಲ ಕನ್ನಡದಲ್ಲಿ. "ಇದು ಹೇಗೆ ಕೆಲಸ ಮಾಡುತ್ತೆ?" ಎಂಬ ಪ್ರಶ್ನೆ ಬಂತೋ, ಮಗು ಇಂಗ್ಲಿಷಿಗೆ ಜಿಗಿಯುತ್ತದೆ, ಅದರ ಹಿಂದೆಯೇ ನಾವೂ. ಅಬುಧಾಬಿಯಲ್ಲಿ ಸಂಶೋಧನೆಯ ಕೆಲಸದಲ್ಲಿರುವ ನನಗೆ ದಿನವಿಡೀ ವಿಜ್ಞಾನ ಇಂಗ್ಲಿಷಿನಲ್ಲೇ. ಮನೆಯಲ್ಲೂ ಹಾಗೇ ಆದರೆ ಎಂಟು ವರ್ಷದ ಮಗಳ ಕನ್ನಡ ಅಡುಗೆಮನೆ ದಾಟುವುದಿಲ್ಲವಲ್ಲ ಎಂಬ ಚಿಂತೆ ಇತ್ತು.

ಅದರ ಬಿಸಿ ಹೆಚ್ಚು ತಟ್ಟುತ್ತಿದ್ದುದು ಹಾವೇರಿ ಕಡೆ ಇರುವ ನನ್ನ ಅಪ್ಪನಿಗೆ. ಅವರಿಗೆ ಇಂಗ್ಲಿಷ್ ಬಾರದು. ಭಾನುವಾರದ ವಿಡಿಯೊ ಕಾಲ್ "ಉಂಡ್ಯೇನವಾ?" "ಹೂಂ ಅಜ್ಜ" ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು.

ದಾರಿ ತೋರಿಸಿದ್ದು ವಿಮಾನದ ಇಂಜಿನ್. ದುಬೈನಿಂದ ಹತ್ತಿರವೇ ಇರುವ ಶಾರ್ಜಾದ ಅಲ್ ಮಹತ್ತಾ ಮ್ಯೂಸಿಯಂಗೆ ನೀವು ಹೋಗಿರಬಹುದು. 1932ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಬ್ರಿಟನ್‌ನಿಂದ ಭಾರತಕ್ಕೆ ಹೊರಟ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಅಲ್ಲಿ ತಂಗುತ್ತಿದ್ದವು. ಆ ಕಾಲದ ಹ್ಯಾಂಡ್ಲಿ ಪೇಜ್ ಎಚ್‌ಪಿ42ಕ್ಕೆ ನಾಲ್ಕು ಇಂಜಿನ್, ಒಂದೊಂದರಲ್ಲೂ ಹೂವಿನ ಎಸಳಿನಂತೆ ಸುತ್ತ ಜೋಡಿಸಿದ 9 ಸಿಲಿಂಡರ್. ಮ್ಯೂಸಿಯಂನಲ್ಲಿರುವ ಡಿಸಿ-3 ವಿಮಾನದ ಮುಂದೆ ನಿಂತು ಮಗಳು, "ಈ ಫ್ಯಾನ್ ಯಾರು ತಿರುಗಿಸ್ತಾರೆ?" ಎಂದಳು.

ಮನೆಗೆ ಬಂದು ಯೂಟ್ಯೂಬ್‌ನಲ್ಲಿ ಪಿಸ್ಟನ್ ಇಂಜಿನ್ನಿನ ಒಂದು ಆನಿಮೇಷನ್ ಹಚ್ಚಿದೆ. ಲೋಹವನ್ನು ಗಾಜಿನಂತೆ ಪಾರದರ್ಶಕ ಮಾಡಿ, ಒಳಗಿನ ಆಟವನ್ನೆಲ್ಲ ನಿಧಾನವಾಗಿ ತೋರಿಸುವ ವಿಡಿಯೊ. ವಿವರಣೆ ಇಂಗ್ಲಿಷಿನಲ್ಲಿತ್ತು. ಮ್ಯೂಟ್ ಮಾಡಿದೆ. ಪಿಸ್ಟನ್, ಸಿಲಿಂಡರ್, ವಾಲ್ವ್ ಎಂಬ ಹೆಸರುಗಳನ್ನು ಹಾಗೇ ಇಟ್ಟುಕೊಂಡೆವು. ಊರಿನ ಮೆಕ್ಯಾನಿಕ್ಕೂ ಹಾಗೇ ಅನ್ನುತ್ತಾನೆ. ಕ್ರಿಯಾಪದಗಳು ಮಾತ್ರ ನಮ್ಮವು. ಪಿಸ್ಟನ್ ಗಾಳಿ-ಪೆಟ್ರೋಲನ್ನು ಹೀರುತ್ತದೆ, ಅದುಮುತ್ತದೆ. ಕಿಡಿ ತಗುಲಿ ಅದು ಸಿಡಿಯುತ್ತದೆ. ಕೊನೆಗೆ ಹೊಗೆ ಉಗುಳುತ್ತದೆ. ಇಷ್ಟಾಗಲು ಇಂಜಿನ್ನಿನ ಅಚ್ಚು ಎರಡು ಸುತ್ತು ತಿರುಗಬೇಕು. ನಾಲ್ಕು ಹೆಜ್ಜೆಯಲ್ಲಿ ದುಡಿಯುವುದು ಒಂದೇ.

"ಯಾಕೆ 9? 8 ಯಾಕಿಲ್ಲ?" ಎಂದು ಅವಳು ಕೇಳಿದಾಗ ಸ್ಟೀಲ್ ತಟ್ಟೆಗಳನ್ನು ತಂದು ನೆಲದ ಮೇಲೆ ದುಂಡಗೆ ಇಟ್ಟೆವು. ಒಂದು ಬಿಟ್ಟು ಒಂದು ತಟ್ಟೆಗೆ ಹೋಳಿಗೆ ಬಡಿಸುತ್ತಾ ಹೋಗಬೇಕು. 9 ತಟ್ಟೆಯಿದ್ದರೆ ಮೊದಲ ಸುತ್ತಿನಲ್ಲಿ 1, 3, 5, 7, 9. ಎರಡನೆಯದರಲ್ಲಿ 2, 4, 6, 8. ಎಲ್ಲರಿಗೂ ಸಿಕ್ಕಿತು! 8 ತಟ್ಟೆಯಿದ್ದರೆ 7 ಆದ ಮೇಲೆ ಮತ್ತೆ 1ಕ್ಕೇ ಬರುತ್ತೇವೆ, ಸಮಸಂಖ್ಯೆಯವರು ಉಪವಾಸ. ಈ ಇಂಜಿನ್ನಿನ ಸಿಲಿಂಡರ್‌ಗಳು ಸಿಡಿಯುವುದೂ ಇದೇ ಸರದಿಯಲ್ಲಿ. "ಡಿಸಿ-3ರಲ್ಲಿ 14 ಇರುತ್ತಲ್ಲ?" ಎಂದು ಮರುದಿನ ವಾದಕ್ಕೆ ಬಂದಳು, ಕನ್ನಡದಲ್ಲೇ. ಹೌದು, ಹೆಚ್ಚಿನ ಡಿಸಿ-3ಗಳಿಗೆ 14. ಆದರೆ ಅವು ಒಂದರ ಹಿಂದೊಂದು ಎರಡು ಸಾಲು, ಸಾಲಿಗೆ 7.

ಇದೆಲ್ಲ ಮ್ಯೂಸಿಯಂ ಸೇರಿದ ವಿದ್ಯೆಯಲ್ಲ. ದುಬೈ ಸೌತ್‌ನಲ್ಲಿರುವ ಎಮಿರೇಟ್ಸ್ ಪೈಲಟ್ ಅಕಾಡೆಮಿಯ ಸಿರಸ್ ಎಸ್‌ಆರ್22 ತರಬೇತಿ ವಿಮಾನಕ್ಕೂ ಇರುವುದು 6 ಸಿಲಿಂಡರ್‌ಗಳ ಪಿಸ್ಟನ್ ಇಂಜಿನ್ನೇ. ಅದರ ಪ್ರತಿ ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್. ಕಿಡಿಗೆ ವಿದ್ಯುತ್ತು ಕೊಡುವ ಮ್ಯಾಗ್ನೆಟೊ ಕೂಡ ಎರಡು. ಬ್ಯಾಟರಿ ಸತ್ತರೂ ಅವು ನಡೆಯುತ್ತವೆ. "ಯಾಕಂದ್ರೆ ಆಕಾಶದಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸೋಕೆ ಆಗಲ್ಲ," ಎಂದಳು ಮಗಳು. ಆ 'ಯಾಕಂದ್ರೆ'ಗೇ ನಾನು ಕಾದಿದ್ದೆ. ಮಗು ಯಾವ ಭಾಷೆಯಲ್ಲಿ ಕಾರಣ ಕೊಡುತ್ತದೋ ಆ ಭಾಷೆಯಲ್ಲಿ ಯೋಚಿಸಲು ಹಿಡಿದಿದೆ ಎಂದೇ ಅರ್ಥ.

ಆ ಭಾನುವಾರ ಅವಳು ಅಜ್ಜನನ್ನು ಕೇಳಿದಳು: "ನಿಮ್ಮ ಹೊಲದ ಪಂಪ್‌ಸೆಟ್‌ಗೆ ಎಷ್ಟು ಸ್ಪಾರ್ಕ್ ಪ್ಲಗ್ ಅಜ್ಜ?"

ಅಪ್ಪ ನಕ್ಕರು. "ಒಂದೂ ಇಲ್ಲವಾ! ಅದು ಡೀಸೆಲ್ ಇಂಜಿನ್. ಗಾಳಿ ಗಟ್ಟಿ ಅದುಮಿದ್ರ ಕಾದು ಕೆಂಡ ಆಕ್ಕೈತಿ. ಡೀಸೆಲ್ ಬಿದ್ದ ಕೂಡ್ಲೇ ತಾನ ಹತ್ಕೊಂತೈತಿ."

ಹ್ಯಾಂಡಲ್ ತಿರುಗಿಸಿ ಇಂಜಿನ್ ಎಬ್ಬಿಸುತ್ತಿದ್ದುದು, ಸವೆದ ರಿಂಗ್ ಬದಲಿಸಿದ್ದು, ಹೊಗೆಯ ಬಣ್ಣ ನೋಡಿಯೇ ರೋಗ ಹೇಳುತ್ತಿದ್ದುದು: ಮಾತು ನಲವತ್ತು ನಿಮಿಷ ನಡೆಯಿತು. ಇವುಗಳಲ್ಲಿ ಎಷ್ಟೋ ನನಗೂ ಹೊಸವು. ತನ್ನ ಅಜ್ಜನಿಗೆ ಇಂಜಿನ್ ಗೊತ್ತು ಎಂಬುದು ಅವಳಿಗೆ ಗೊತ್ತಾದದ್ದೇ ಅಂದು.

ನೀವೂ ಮಾಡಿ ನೋಡಿ. ವಿಡಿಯೊವನ್ನು ಮೊದಲು ಒಬ್ಬರೇ ನೋಡಿಕೊಳ್ಳಿ. ಆಮೇಲೆ ಮಗುವಿನ ಜೊತೆ ಮ್ಯೂಟ್ ಮಾಡಿ ಹಚ್ಚಿ, ನಡುನಡುವೆ ನಿಲ್ಲಿಸಿ, "ಮುಂದೇನಾಗುತ್ತೆ?" ಎಂದು ಕೇಳಿ. ಪಾರಿಭಾಷಿಕ ಪದಗಳಿಗೆ ತಡಕಾಡಬೇಡಿ. ವಿಮಾನವೇ ಆಗಬೇಕೆಂದೂ ಇಲ್ಲ. ಹೊಲಿಗೆ ಮಷೀನು, ಬಾವಿಯ ಮೋಟಾರು, ಮಗ್ಗ ಯಾವುದಾದರೂ ಸರಿ. ಊರಿನಲ್ಲಿ ಅದನ್ನು ಕೈಯಾರೆ ಬಿಚ್ಚಿ ಜೋಡಿಸಿದವರು ಯಾರಾದರೂ ಇದ್ದೇ ಇರುತ್ತಾರೆ. ನಿಮಗೆ ಉತ್ತರ ಗೊತ್ತಿದ್ದರೂ ಒಂದು ಪ್ರಶ್ನೆಯನ್ನು ಅವರಿಗಾಗಿ ಉಳಿಸಿ, ಫೋನು ಮಗುವಿನ ಕೈಗೆ ಕೊಡಿ.